ಡಾಕ್ಟರ ಕೈಗುಣವನ್ನು ಅಳೆಯುವುದು ಹೇಗೆ?

ಮಕ್ಕಳ ಡಾಕ್ಟರನ್ನು ಹೊಗಳಲು ನಮ್ಮಲ್ಲಿ ಒಂದೇ ಮಾತು ಸಾಕು: 'ಅವರ ಕೈಗುಣ ಚೆನ್ನಾಗಿದೆ.' ಅವರು ಎಲ್ಲಿ ಓದಿದರು, ಯಾವ ಪದವಿ ಪಡೆದರು ಎಂದು ಯಾರೂ ಕೇಳುವುದಿಲ್ಲ. ಮಗುವಿಗೆ ಹುಷಾರಿರಲಿಲ್ಲ, ತೋರಿಸಿದೆವು, ಒಂದು ಇಂಜೆಕ್ಷನ್ ಕೊಟ್ಟರು, ಮೂರನೇ ದಿನ ಮಗು ಆಡಿಕೊಂಡಿತ್ತು. ಅಷ್ಟಾದರೆ ಆ ಡಾಕ್ಟರ ಹೆಸರು ಬೀದಿಯೆಲ್ಲ ಹರಡುತ್ತದೆ.

ನಮ್ಮಕ್ಕನ ಮಗಳಿಗೆ ಒಂದೂವರೆ ವರ್ಷ ಇದ್ದಾಗ ಹೀಗೇ ಆಯಿತು. ಎರಡು ದಿನ ನೀರಿನಂಥ ಭೇದಿ. ಹತ್ತಿರದ ಕ್ಲಿನಿಕ್ಕಿಗೆ ಓಡಿದೆವು. ಒಂದು ಇಂಜೆಕ್ಷನ್, ಆ್ಯಂಟಿಬಯಾಟಿಕ್ ಸಿರಪ್, ಇನ್ನೊಂದು ಬಾಟಲಿ ಬೇರೆ. ಓಆರ್‌ಎಸ್ (ಭೇದಿಯಾದವರಿಗೆ ಕುಡಿಸುವ ಉಪ್ಪು ಸಕ್ಕರೆ ನೀರಿನ ಪೊಟ್ಟಣ) ಎಂಬ ಮೂರಕ್ಷರ ಆ ಕೋಣೆಯಲ್ಲಿ ಕೇಳಿಬರಲಿಲ್ಲ. ಮನೆಯಲ್ಲಿ ಅಮ್ಮ ಗಂಜಿಯ ತಿಳಿ, ಎಳನೀರು ಅಂತ ಗುಟುಕು ಗುಟುಕಾಗಿ ಕುಡಿಸುತ್ತಲೇ ಇದ್ದರು. ಮಗು ಚೇತರಿಸಿಕೊಂಡಿತು. ನಾವೆಲ್ಲ ಡಾಕ್ಟರ ಕೈಗುಣ ಅಂದೆವು. ಅಮ್ಮನ ಗಂಜಿಗೆ ಯಾರೂ ಮಾರ್ಕು ಕೊಡಲಿಲ್ಲ.

ಕೈಗುಣ ಎಂಬ ಅಳತೆಗೋಲಿನ ತೊಡಕು ಇರುವುದು ಇಲ್ಲೇ. ನೆಗಡಿ, ವೈರಸ್ ಜ್ವರ, ನೀರು ಭೇದಿ, ಹೀಗೆ ಮಕ್ಕಳಿಗೆ ಬರುವ ಕಾಯಿಲೆಗಳಲ್ಲಿ ಹೆಚ್ಚಿನವು ಕೆಲವು ದಿನಗಳಲ್ಲಿ ತಾವಾಗಿಯೇ ಇಳಿಯುತ್ತವೆ. ಸರಿಯಾದ ಚಿಕಿತ್ಸೆ ಸಿಕ್ಕರೂ ಇಳಿಯುತ್ತವೆ, ಬೇಡದ ಔಷಧಿ ಕುಡಿಸಿದರೂ ಇಳಿಯುತ್ತವೆ. ಹೀಗಾಗಿ ಹೊರಗಿನಿಂದ ನೋಡುವವರಿಗೆ ಒಳ್ಳೆಯ ಡಾಕ್ಟರಿಗೂ ಕೆಟ್ಟ ಡಾಕ್ಟರಿಗೂ ವ್ಯತ್ಯಾಸವೇ ಕಾಣುವುದಿಲ್ಲ. ನೂರು ಮಕ್ಕಳಲ್ಲಿ ಯಾವುದೋ ಒಂದೆರಡು ಮಕ್ಕಳ ಮೈಯಿಂದ ನೀರು ಪೂರ್ತಿ ಇಂಗಿಹೋಗುತ್ತದೆ. ಅಲ್ಲಿ ಮಾತ್ರ ವ್ಯತ್ಯಾಸ ಕಾಣುತ್ತದೆ. ಆದರೆ ಅದು ಕಾಣುವ ಹೊತ್ತಿಗೆ ತಡವಾಗಿರುತ್ತದೆ.

ಹಾಗಾದರೆ ಮಕ್ಕಳಿಗೆ ಸಿಗುವ ಆರೈಕೆ ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಒಂದು ಆಸ್ಪತ್ರೆಗೆ, ಒಂದು ಜಿಲ್ಲೆಗೆ, ಒಂದು ದೇಶಕ್ಕೆ ಮಾರ್ಕು ಹಾಕುವುದು ಹೇಗೆ? ಈ ಬಗ್ಗೆ ಆರು ದಶಕಗಳಿಂದ ಬಹಳ ಜನ ತಲೆ ಕೆಡಿಸಿಕೊಂಡಿದ್ದಾರೆ. ಅವರು ಕಂಡುಕೊಂಡಿದ್ದರಲ್ಲಿ ಕೆಲವು ಸಂಗತಿಗಳು ನಮ್ಮ ಮನೆ ಬಾಗಿಲಿಗೇ ಸೇರಿದವು.

ನೋಡಬೇಕಾದ ಮೂರು ಕಡೆ

1966ರಲ್ಲಿ ಅವೆಡಿಸ್ ಡೊನಬೇಡಿಯನ್ ಎಂಬ ವೈದ್ಯರು ಒಂದು ಸರಳ ದಾರಿ ತೋರಿಸಿದರು. ಅವರು ಬೈರೂತ್‌ನಲ್ಲಿ ಹುಟ್ಟಿ, ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದವರು. ಆರೈಕೆಯ ಗುಣಮಟ್ಟವನ್ನು ಮೂರು ಕಡೆ ನೋಡಬಹುದು ಎಂದರು. ಒಂದು, ಏನೇನು ಇದೆ. ಎರಡು, ಏನು ಮಾಡಿದರು. ಮೂರು, ಕೊನೆಗೆ ಏನಾಯಿತು.

ಮದುವೆ ಮನೆ ಅಡುಗೆ ನೆನೆಸಿಕೊಳ್ಳಿ. ಒಲೆ, ಕೊಪ್ಪರಿಗೆ, ಅಕ್ಕಿ, ಬೇಳೆ, ಭಟ್ಟರು ಎಲ್ಲ ಇದ್ದಾರಾ ಅನ್ನುವುದು ಮೊದಲನೆಯದು. ಬೇಳೆ ಬೇಯಿಸಿದರಾ, ಉಪ್ಪು ಹಾಕಿದರಾ ಅನ್ನುವುದು ಎರಡನೆಯದು. ಉಂಡವರು ಸುಖವಾಗಿ ಮನೆಗೆ ಹೋದರಾ ಅನ್ನುವುದು ಮೂರನೆಯದು. ಕೊಪ್ಪರಿಗೆ ಎಣಿಸಿ ಊಟ ಚೆನ್ನಾಗಿತ್ತು ಎಂದು ಯಾರೂ ಹೇಳುವುದಿಲ್ಲ ಅಲ್ವಾ? ಆದರೆ ಆಸ್ಪತ್ರೆಗಳ ವಿಷಯದಲ್ಲಿ ನಾವು ಬಹಳ ಕಾಲ ಮಾಡಿದ್ದು ಅದನ್ನೇ. ಎಷ್ಟು ಹಾಸಿಗೆ, ಎಷ್ಟು ಡಾಕ್ಟರು, ಎಷ್ಟು ವೆಂಟಿಲೇಟರು ಎಂದು ಎಣಿಸಿದೆವು. ಎಣಿಸುವುದು ಸುಲಭ, ಅದಕ್ಕೇ.

ಇದೇನೂ ಬೇಡದ ಲೆಕ್ಕವಲ್ಲ. ಆಕ್ಸಿಜನ್ ಇಲ್ಲದ ವಾರ್ಡಿನಲ್ಲಿ ಎಷ್ಟೇ ಒಳ್ಳೆಯ ಡಾಕ್ಟರಿದ್ದರೂ ನ್ಯುಮೋನಿಯಾ ಆದ ಮಗುವಿಗೆ ಪ್ರಯೋಜನವಿಲ್ಲ. ಲಸಿಕೆ ಇಡುವ ಫ್ರಿಜ್ಜು 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ ಇರದಿದ್ದರೆ ಲಸಿಕೆಯ ಶಕ್ತಿ ಕುಂದುತ್ತದೆ. ಆಮೇಲೆ ಅದನ್ನು ಚುಚ್ಚಿದರೂ ಲೆಕ್ಕಕ್ಕೆ ಮಾತ್ರ. ಆದರೆ 'ಇದೆ' ಎನ್ನುವುದಕ್ಕೂ 'ಸಿಕ್ಕಿತು' ಎನ್ನುವುದಕ್ಕೂ ನಡುವೆ ದೊಡ್ಡ ಅಂತರ ಇರಬಹುದು.

ಆ ಅಂತರ ಎಷ್ಟು ಎನ್ನುವುದಕ್ಕೆ ನಮ್ಮ ದೇಶದ್ದೇ ಎರಡು ಅಂಕಿ ಹೇಳುತ್ತೇನೆ. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಶುರುವಾಯಿತು. ಹೆರಿಗೆಗೆ ಆಸ್ಪತ್ರೆಗೆ ಬನ್ನಿ ಎಂದು ಸರ್ಕಾರ ಕರೆಯಿತು, ಬಂದವರಿಗೆ ಹಣ ಕೊಟ್ಟಿತು. ಜನ ಬಂದರು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005-06ರಲ್ಲಿ ನೂರಕ್ಕೆ 38.7ರಷ್ಟಿದ್ದ ಆಸ್ಪತ್ರೆ ಹೆರಿಗೆಗಳು 2019-21ರ ಹೊತ್ತಿಗೆ 88.6ಕ್ಕೆ ಏರಿದವು. ಕರ್ನಾಟಕದಲ್ಲಂತೂ 97. ಇದು ನಿಜಕ್ಕೂ ದೊಡ್ಡ ಸಾಧನೆ. ಆಶಾ ಕಾರ್ಯಕರ್ತೆಯರು ಎಷ್ಟು ಮನೆ ಬಾಗಿಲು ತಟ್ಟಿದ್ದಾರೆ, ಎಷ್ಟು ರಾತ್ರಿ ಬಸುರಿಯರ ಜೊತೆ ಆಂಬುಲೆನ್ಸ್‌ನಲ್ಲಿ ಕೂತು ಹೋಗಿದ್ದಾರೆ ಎಂದು ನೆನೆದರೆ ಮನಸ್ಸು ತುಂಬಿ ಬರುತ್ತದೆ.

ಈಗ ಅದೇ ಸಮೀಕ್ಷೆಯ ಇನ್ನೊಂದು ಅಂಕಿ ನೋಡಿ. ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಎದೆಹಾಲು ಕುಡಿದ ಮಕ್ಕಳು ನೂರಕ್ಕೆ 41.8 ಮಾತ್ರ. ಮೊದಲ ಗಂಟೆಯ ಹಾಲು ಸೋಂಕಿನಿಂದ ಕಾಪಾಡುತ್ತದೆ ಎಂದು ಪ್ರತಿಯೊಬ್ಬ ನರ್ಸ್‌ಗೂ ಗೊತ್ತು. ಅದಕ್ಕೆ ಯಂತ್ರ ಬೇಡ, ಔಷಧಿ ಬೇಡ, ದುಡ್ಡು ಬೇಡ. ತಾಯಿ ಆಸ್ಪತ್ರೆಯಲ್ಲೇ ಇದ್ದಾಳೆ, ಮಗುವೂ ಅಲ್ಲೇ ಇದೆ, ನರ್ಸೂ ಇದ್ದಾರೆ. ಆದರೂ ಅರ್ಧಕ್ಕಿಂತ ಜಾಸ್ತಿ ಮಕ್ಕಳಿಗೆ ಆ ಒಂದು ಗಂಟೆ ತಪ್ಪಿಹೋಗಿದೆ. ಸಿಸೇರಿಯನ್ ಆದ ತಾಯಿಯ ಹತ್ತಿರ ಮಗುವನ್ನು ಕೊಡುವುದು ತಡವಾಗುತ್ತದೆ. ತೂಕ ನೋಡಲು, ಒರೆಸಲು ಅಂತ ಮಗುವನ್ನು ಬೇರೆ ಕಡೆ ಒಯ್ದಿರುತ್ತಾರೆ. ಇಲ್ಲವೇ ತಾಯಿಯ ಪಕ್ಕ ಕೂತು ನಾಲ್ಕು ಮಾತು ಹೇಳಿಕೊಡಲು ಯಾರಿಗೂ ಪುರುಸೊತ್ತಿರುವುದಿಲ್ಲ.

2018ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ನೇಮಿಸಿದ ಒಂದು ಆಯೋಗ ಬಡ ಮತ್ತು ಮಧ್ಯಮ ಆದಾಯದ ದೇಶಗಳ ಲೆಕ್ಕ ಹಾಕಿತು. ಚಿಕಿತ್ಸೆಯಿಂದ ತಡೆಯಬಹುದಾಗಿದ್ದ ಸಾವುಗಳು ವರ್ಷಕ್ಕೆ 86 ಲಕ್ಷ. ಅದರಲ್ಲಿ 36 ಲಕ್ಷ ಜನ ಆಸ್ಪತ್ರೆಯ ಸೇವೆ ಪಡೆಯದೆ ಸತ್ತವರು. ಉಳಿದ 50 ಲಕ್ಷ ಜನ ಚಿಕಿತ್ಸೆಗೆ ಬಂದಿದ್ದರು, ಆದರೆ ಸಿಕ್ಕ ಆರೈಕೆ ಸರಿ ಇರಲಿಲ್ಲ. ಬಾಗಿಲವರೆಗೆ ಬಂದವರನ್ನು ಹೆಚ್ಚು ಕಳೆದುಕೊಂಡಿದ್ದೇವೆ ಎಂದಾಯಿತು. ಈ ಲೆಕ್ಕ ಓದಿದ ದಿನ ನನಗೆ ಬೇರೆ ಕೆಲಸ ಮಾಡಲಾಗಲಿಲ್ಲ.

ಸಾವನ್ನು ಎಣಿಸಿದರೆ ಸಾಲದೇ?

ಹಾಗಾದರೆ ಮೂರನೆಯದನ್ನೇ ನೋಡೋಣ, ಕೊನೆಗೆ ಏನಾಯಿತು ಅಂತ. ಎಷ್ಟು ಮಕ್ಕಳು ಬದುಕಿದರು, ಎಷ್ಟು ಮಕ್ಕಳು ಉಳಿಯಲಿಲ್ಲ ಎನ್ನುವುದಕ್ಕಿಂತ ನೇರ ಅಳತೆ ಬೇಕೇ?

ಕೆಲವು ಸಲ ಅದು ನಿಜವಾಗಿಯೂ ಬೇಕೇ ಬೇಕು. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಕತೆ ಎಲ್ಲರೂ ತಿಳಿಯಬೇಕಾದದ್ದು. ಅಲ್ಲಿನ ರಾಯಲ್ ಇನ್‌ಫರ್ಮರಿ ಆಸ್ಪತ್ರೆಯಲ್ಲಿ ಪುಟ್ಟ ಮಕ್ಕಳಿಗೆ ಹೃದಯದ ಆಪರೇಷನ್ ಆಗುತ್ತಿತ್ತು. ಅರಿವಳಿಕೆ ಕೊಡುತ್ತಿದ್ದ ಸ್ಟೀಫನ್ ಬೊಲ್ಸಿನ್ ಎಂಬ ವೈದ್ಯರಿಗೆ ಅನುಮಾನ ಬಂತು. ಬೇರೆ ಕಡೆಗಿಂತ ಇಲ್ಲಿ ಜಾಸ್ತಿ ಮಕ್ಕಳು ಸಾಯುತ್ತಿದ್ದಾರೆ ಅನ್ನಿಸಿತು. ಅವರು ಲೆಕ್ಕ ಇಡತೊಡಗಿದರು, ದೂರಿದರು. ಬಹಳ ಕಾಲ ಯಾರೂ ಕಿವಿಗೊಡಲಿಲ್ಲ. ಕೊನೆಗೆ ಸಾರ್ವಜನಿಕ ವಿಚಾರಣೆ ನಡೆದು 2001ರಲ್ಲಿ ವರದಿ ಬಂತು. 1991ರಿಂದ 1995ರ ನಡುವೆ, ಸಾಮಾನ್ಯ ಮಟ್ಟದ ಆಸ್ಪತ್ರೆಯೊಂದರಲ್ಲಿ ಆಗಬಹುದಾಗಿದ್ದಕ್ಕಿಂತ 30ರಿಂದ 35 ಹೆಚ್ಚು ಶಿಶುಗಳು ಅಲ್ಲಿ ತೀರಿಕೊಂಡಿದ್ದರು. ಎಲ್ಲವೂ ವರ್ಷ ತುಂಬದ ಕೂಸುಗಳು. ಅಲ್ಲಿನವರು ಮಕ್ಕಳಿಗಾಗಿ ಮನಸ್ಸಿಟ್ಟು ದುಡಿದವರೇ ಎಂದು ವರದಿಯೂ ಒಪ್ಪಿತು. ಒಳ್ಳೆಯ ಮನಸ್ಸಿದ್ದೂ ಕೆಲಸ ಸರಿಯಾಗದಿರಬಹುದು, ಮತ್ತು ಲೆಕ್ಕ ಇಡದಿದ್ದರೆ ಅದು ಮಾಡುವವರಿಗೇ ಗೊತ್ತಾಗದಿರಬಹುದು. ಬ್ರಿಸ್ಟಲ್‌ನ ತಾಯ್ತಂದೆಯರು ಇದಕ್ಕೆ ತೆತ್ತ ಬೆಲೆ ದೊಡ್ಡದು.

ಆದರೆ ಸಾವಿನ ಲೆಕ್ಕವನ್ನು ಹಾಗೇ ಇಟ್ಟುಕೊಂಡು ಆಸ್ಪತ್ರೆಗಳನ್ನು ಸಾಲಾಗಿ ನಿಲ್ಲಿಸಲು ಹೋದರೆ ಅನ್ಯಾಯವಾಗುತ್ತದೆ. ತಾಲ್ಲೂಕು ಆಸ್ಪತ್ರೆಯಿಂದ ಜಿಲ್ಲಾ ಆಸ್ಪತ್ರೆಗೆ, ಅಲ್ಲಿಂದ ಬೆಂಗಳೂರಿನ ವಾಣಿವಿಲಾಸಕ್ಕೋ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗೋ ಕಳಿಸುವ ಮಗುವಿನ ಸ್ಥಿತಿ ಹೇಗಿರುತ್ತದೆ? ಒಂದು ಕೆಜಿಗೂ ಕಡಿಮೆ ತೂಕದ ಕೂಸು, ಹುಟ್ಟಿದಾಗ ಅಳದ ಕೂಸು, ಮೂರು ಕಡೆ ಸುತ್ತಿ ಬಂದ ಕೂಸು. ಅಂಥ ಮಕ್ಕಳನ್ನು ಬೇಡ ಎನ್ನದೆ ತೆಗೆದುಕೊಳ್ಳುವ ಆಸ್ಪತ್ರೆಯಲ್ಲಿ ಸಾವು ಜಾಸ್ತಿಯೇ ಇರುತ್ತದೆ. ಕಷ್ಟದ ಕೇಸು ಬಂದ ತಕ್ಷಣ 'ದೊಡ್ಡಾಸ್ಪತ್ರೆಗೆ ಹೋಗಿ' ಎಂದು ಕೈತೊಳೆದುಕೊಳ್ಳುವ ನರ್ಸಿಂಗ್ ಹೋಮಿನ ಲೆಕ್ಕದಲ್ಲಿ ಸಾವೇ ಇರುವುದಿಲ್ಲ. ಬರೀ ಅಂಕಿ ನೋಡಿ ಎರಡನೆಯದೇ ಮೇಲು ಎಂದುಬಿಟ್ಟರೆ ಹೇಗೆ? ಅದಕ್ಕೇ ಮಗು ಬಂದಾಗ ಎಷ್ಟು ತೂಕ ಇತ್ತು, ಎಷ್ಟು ತಿಂಗಳಿಗೆ ಹುಟ್ಟಿತ್ತು, ಎಷ್ಟು ಕಾಯಿಲೆಯಲ್ಲಿತ್ತು ಎಂದು ನೋಡಿ, ಅದಕ್ಕೆ ತಕ್ಕಂತೆ ಲೆಕ್ಕವನ್ನು ಸರಿತೂಗಿಸಿ ಆಮೇಲೆ ಹೋಲಿಸಬೇಕು.

ಇನ್ನೊಂದು ತೊಡಕು, ಸಂಖ್ಯೆ ಚಿಕ್ಕದಾಗಿರುವುದು. ಒಂದು ಸಣ್ಣ ಆಸ್ಪತ್ರೆಯಲ್ಲಿ ಹೋದ ವರ್ಷ ಒಂದು ಮಗು ತೀರಿಕೊಂಡಿತು, ಈ ವರ್ಷ ಎರಡು. 'ಸಾವು ದುಪ್ಪಟ್ಟು' ಎಂದು ಪತ್ರಿಕೆಯವರು ಬರೆಯಬಹುದು. ಆದರೆ ಅಷ್ಟು ಚಿಕ್ಕ ಅಂಕಿಯಿಂದ ಆರೈಕೆ ಕೆಟ್ಟಿತು ಎಂದು ಹೇಳಲು ಬರುವುದಿಲ್ಲ. ಸಂತಸದ ವಿಷಯ ಏನೆಂದರೆ, ಮಕ್ಕಳು ದೊಡ್ಡವರಷ್ಟು ಸಾಯುವುದಿಲ್ಲ. ಅಳೆಯುವವರಿಗೆ ಅದೇ ಕಷ್ಟ.

ಮಕ್ಕಳ ವಿಷಯದಲ್ಲಿ ಇನ್ನೂ ಒಂದು ಮಾತಿದೆ. ಇವತ್ತಿನ ಆರೈಕೆಯ ಫಲ ಕಾಣಲು ಹತ್ತಿಪ್ಪತ್ತು ವರ್ಷ ಬೇಕಾಗಬಹುದು. ಹುಟ್ಟಿದ ಕೂಸಿಗೆ ಕಿವಿ ಕೇಳುತ್ತದೆಯೇ ಎಂದು ಪರೀಕ್ಷೆ ಮಾಡಲಿಲ್ಲ ಅಂದುಕೊಳ್ಳಿ. ಆ ವರ್ಷದ ಯಾವ ಲೆಕ್ಕದಲ್ಲೂ ಅದು ಕಾಣುವುದಿಲ್ಲ. ಎರಡು ಮೂರು ವರ್ಷವಾದರೂ ಮಾತು ಬರಲಿಲ್ಲ ಎಂದು ತಾಯಿ ಅಳುತ್ತಾ ಬರುವಾಗ ಕಾಣುತ್ತದೆ, ಶಾಲೆಯಲ್ಲಿ ಹಿಂದೆ ಬೀಳುವಾಗ ಕಾಣುತ್ತದೆ. ಅಷ್ಟು ಹೊತ್ತಿಗೆ ಆ ಹೆರಿಗೆ ವಾರ್ಡಿನ ರಿಜಿಸ್ಟರು ಎಲ್ಲೋ ಮೂಟೆ ಸೇರಿರುತ್ತದೆ.

ಒಂದು ನಿಮಿಷ ಉಸಿರು ಎಣಿಸಿದರಾ?

ಇದೆಲ್ಲ ನೋಡಿದ ಮೇಲೆ ನನಗೆ ಹೆಚ್ಚು ನಂಬಿಕೆ ಇರುವುದು ಆ ಮೂರರಲ್ಲಿ ನಡುವಿನದರ ಮೇಲೆ, ಏನು ಮಾಡಿದರು ಎನ್ನುವುದರ ಮೇಲೆ. ಮಗು ಮುಂದೆ ಬಂದು ಕೂತಾಗ ಏನು ಮಾಡಬೇಕಿತ್ತೋ ಅದನ್ನು ಮಾಡಿದರಾ?

ಕೆಮ್ಮು, ದಮ್ಮು ಅಂತ ಮಗುವನ್ನು ಕರೆದುಕೊಂಡು ಹೋದಿರಿ ಎನ್ನೋಣ. ನ್ಯುಮೋನಿಯಾ ಹೌದೋ ಅಲ್ಲವೋ ಎಂದು ತಿಳಿಯಲು ಮೊದಲ ಹೆಜ್ಜೆ ಬಹಳ ಸುಲಭ. ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಮಗುವಿನ ಉಸಿರು ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಅದಕ್ಕಿಂತ ಜಾಸ್ತಿ, ವರ್ಷದೊಳಗಿನ ಮಗುವಿಗೆ 50, ಐದು ವರ್ಷದೊಳಗಿನವರಿಗೆ 40 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅದು ವೇಗದ ಉಸಿರಾಟ. ಜೊತೆಗೆ ಅಂಗಿ ಎತ್ತಿ ಪಕ್ಕೆ ಸೆಳೆತ ಇದೆಯೇ ನೋಡಬೇಕು. ಮಾಡಿದರಾ ಇಲ್ಲವಾ ಎನ್ನುವುದಕ್ಕೆ ಉತ್ತರ ಹೌದು ಅಥವಾ ಇಲ್ಲ. ಗೊಂದಲಕ್ಕೆ ಜಾಗವಿಲ್ಲ. ಔಷಧಿ ಬರೆಯುವ ಮುಂಚೆ ಮಗುವಿನ ತೂಕ ನೋಡಿದರಾ ಎನ್ನುವುದೂ ಹೀಗೇ. ಮಕ್ಕಳಿಗೆ ಡೋಸು ನಿರ್ಧಾರವಾಗುವುದೇ ತೂಕದ ಮೇಲೆ.

ಇಂಥ ಸರಳ ಅಳತೆಯೊಂದು ಆರೈಕೆಯ ರೀತಿಯನ್ನೇ ಬದಲಿಸಿದ್ದೂ ಉಂಟು. ಅಮೆರಿಕದ ವೈದ್ಯೆ ವರ್ಜೀನಿಯಾ ಎಪ್ಗಾರ್ ಆಗತಾನೇ ಹುಟ್ಟಿದ ಕೂಸಿಗಾಗಿ 1953ರಲ್ಲಿ ಪ್ರಕಟಿಸಿದ ಅಂಕಪಟ್ಟಿಯಲ್ಲಿ ಐದೇ ಸಂಗತಿಗಳಿವೆ. ಮಗುವಿನ ಬಣ್ಣ, ಎದೆಬಡಿತ, ಕೆರಳಿಸಿದಾಗ ಪ್ರತಿಕ್ರಿಯೆ, ಕೈಕಾಲಿನ ಬಿಗಿ, ಉಸಿರು. ಒಂದೊಂದಕ್ಕೆ 0, 1 ಅಥವಾ 2 ಅಂಕ. ಅಂಕ ಬರೆಯಬೇಕೆಂದ ಮೇಲೆ ಮಗುವಿನ ಕಡೆ ತಿರುಗಿ ನೋಡಲೇಬೇಕಲ್ಲ! ಅದಕ್ಕೆ ಮುಂಚೆ ಹೆರಿಗೆಯಾದ ಕೂಡಲೇ ಎಲ್ಲರ ಗಮನ ತಾಯಿಯ ಕಡೆ ಹೋಗುತ್ತಿತ್ತು. ಉಸಿರಿಗೆ ಒದ್ದಾಡುವ ಕೂಸನ್ನು ಆ ಮೊದಲ ನಿಮಿಷದಲ್ಲೇ ಗುರುತಿಸಿ ಕೈಹಾಕುವುದು ಈ ಅಂಕಪಟ್ಟಿಯಿಂದ ರೂಢಿಗೆ ಬಂತು.

ಹಣ, ತಂತ್ರಜ್ಞಾನ ಇದ್ದರೆ ಮಾಡಬೇಕಾದದ್ದನ್ನೆಲ್ಲ ಮಾಡುತ್ತಾರೆ ಎಂದುಕೊಳ್ಳುವ ಹಾಗೂ ಇಲ್ಲ. 2007ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು 1,536 ಮಕ್ಕಳ ದಾಖಲೆಗಳನ್ನು ಕೂತು ಓದಿತು. ಆ ಮಕ್ಕಳಿಗೆ ಸಿಗಬೇಕಿದ್ದ ಹೊರರೋಗಿ ಆರೈಕೆಯಲ್ಲಿ ಸಿಕ್ಕಿದ್ದು ನೂರಕ್ಕೆ 46.5 ಮಾತ್ರ.

ಮಾಡಿದರಾ ಇಲ್ಲವಾ ಎಂದು ಯಾರು ನೋಡುತ್ತಾರೆ ಎನ್ನುವುದೇ ದೊಡ್ಡ ಪ್ರಶ್ನೆ. ದಾಖಲೆ ನೋಡಬಹುದು. ಆದರೆ ನಮ್ಮಲ್ಲಿ ಎಷ್ಟೋ ಕ್ಲಿನಿಕ್ಕುಗಳಲ್ಲಿ ದಾಖಲೆ ಅಂದರೆ ಒಂದು ಚೀಟಿ. ಅದೂ ರೋಗಿಯ ಜೇಬಿಗೆ ಹೋಗುತ್ತದೆ. ಇರುವ ದಾಖಲೆಯನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಹುಟ್ಟಿದ ಮಕ್ಕಳ ತೂಕವನ್ನೇ ನೋಡಿ. 2.5 ಕೆಜಿಗಿಂತ ಕಡಿಮೆ ಇದ್ದರೆ ಅದು ಕಡಿಮೆ ತೂಕದ ಮಗು, ವಿಶೇಷ ನಿಗಾ ಬೇಕು. ನಮ್ಮ ದೇಶದ ದಾಖಲೆಗಳಲ್ಲಿ ಸರಿಯಾಗಿ 2.5 ಕೆಜಿ ಎಂದು ಬರೆದ ಮಕ್ಕಳು ಗುಂಪುಗುಂಪಾಗಿ ಸಿಗುತ್ತಾರೆ. ದೇವರು ಇಷ್ಟೊಂದು ಮಕ್ಕಳನ್ನು ಅದೇ ತೂಕಕ್ಕೆ ತಕ್ಕಡಿಯಲ್ಲಿ ತೂಗಿ ಕಳಿಸಿರಲಾರ. ಹಳೆಯ ತಕ್ಕಡಿ, ಅವಸರ, ಹತ್ತಿರದ ಅಂಕಿಗೆ ಬರೆದುಬಿಡುವ ಅಭ್ಯಾಸ, ಎಲ್ಲ ಸೇರಿರುತ್ತದೆ. 2.4 ಕೆಜಿಯ ಕೂಸು ಪುಸ್ತಕದಲ್ಲಿ 2.5 ಆದರೆ ಅದಕ್ಕೆ ಸಿಗಬೇಕಾದ ನಿಗಾ ತಪ್ಪುತ್ತದೆ. ಆಮೇಲೆ ಯಾರು ಎಷ್ಟು ಚೆನ್ನಾಗಿ ಕೂಡಿ ಕಳೆದರೂ ಆ ಕೂಸು ಲೆಕ್ಕಕ್ಕೆ ಸಿಗುವುದಿಲ್ಲ.

ತಾಯಂದಿರನ್ನು ಕೇಳಬಹುದು. ಕೇಳಲೇಬೇಕು ಕೂಡ, ಯಾಕೆಂದರೆ ಮಗುವಿಗೆ ಮಾತು ಬಾರದು. ಡಾಕ್ಟರು ಮಗುವನ್ನು ಮುಟ್ಟಿ ನೋಡಿದರಾ, ಔಷಧಿ ಹೇಗೆ ಕೊಡಬೇಕು ಎಂದು ಬಿಡಿಸಿ ಹೇಳಿದರಾ, ಯಾವಾಗ ವಾಪಸ್ ಬರಬೇಕು ಎಂದರಾ, ಇದನ್ನೆಲ್ಲ ತಾಯಿಯಷ್ಟು ಚೆನ್ನಾಗಿ ಹೇಳಬಲ್ಲವರು ಇನ್ನೊಬ್ಬರಿಲ್ಲ. ಆದರೆ ಆ್ಯಂಟಿಬಯಾಟಿಕ್ ಬೇಕಿತ್ತಾ ಬೇಡವಾ ಎಂದು ಅವಳು ಹೇಗೆ ಹೇಳಿಯಾಳು?

ಡಾಕ್ಟರ ಕೋಣೆಯಲ್ಲೇ ಒಬ್ಬರು ಪುಸ್ತಕ ಹಿಡಿದು ಕೂತರೆ? ಆಗ ಎಲ್ಲರೂ ಪುಸ್ತಕದ ಪ್ರಕಾರ ನಡೆದುಕೊಳ್ಳುತ್ತಾರೆ. ಶಾಲೆಗೆ ಇನ್‌ಸ್ಪೆಕ್ಟರು ಬಂದ ದಿನದ ಪಾಠದಂತೆ.

ವೇಷ ಹಾಕಿ ಬಂದವರು

ಕೊನೆಗೆ ಸಂಶೋಧಕರು ಒಂದು ಉಪಾಯ ಮಾಡಿದರು. ರೋಗಿಯ ಕಡೆಯವರಂತೆ ವೇಷ ಹಾಕಿ ಕಳಿಸುವುದು. ಸ್ಥಳೀಯರನ್ನೇ ಆರಿಸಿ, ವಾರಗಟ್ಟಲೆ ತರಬೇತಿ ಕೊಟ್ಟು, ಎಲ್ಲರೂ ಒಂದೇ ಕಾಯಿಲೆಯನ್ನು ಒಂದೇ ರೀತಿ ಹೇಳುವಂತೆ ಮಾಡುತ್ತಾರೆ. 'ಮನೆಯಲ್ಲಿ ಎರಡು ವರ್ಷದ ಮಗುವಿಗೆ ಭೇದಿ ಆಗ್ತಿದೆ' ಎಂದು ಅವರು ಹೇಳುತ್ತಾರೆ. ಡಾಕ್ಟರು ಏನು ಕೇಳಿದರು, ಏನು ಕೊಟ್ಟರು ಎನ್ನುವುದನ್ನು ಹೊರಗೆ ಬಂದು ಬರೆದಿಡುತ್ತಾರೆ. ಇಂಥ ಭೇಟಿ ನಡೆಯಬಹುದು ಎಂದು ಡಾಕ್ಟರುಗಳಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯುವುದೂ ಉಂಟು, ಯಾವ ದಿನ ಯಾರು ಬರುತ್ತಾರೆ ಎಂದು ಮಾತ್ರ ಹೇಳುವುದಿಲ್ಲ.

ಭೇದಿಯನ್ನೇ ಆರಿಸಿಕೊಳ್ಳಲು ಕಾರಣವಿದೆ. ಇಲ್ಲಿ ಸರಿಯಾದ ಚಿಕಿತ್ಸೆ ಯಾವುದು ಎಂಬ ಬಗ್ಗೆ ಜಗಳವೇ ಇಲ್ಲ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಬಂಗಾಳದ ಬನಗಾಂವ್‌ನಲ್ಲಿ ತುಂಬಿದ್ದಾಗ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಏರಿಸುವ ದ್ರವ ಮುಗಿದುಹೋಗುತ್ತಿತ್ತು. ಡಾಕ್ಟರ್ ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿ ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಸುಮಾರು 30 ಇದ್ದ ಸಾವು 3.6ಕ್ಕೆ ಇಳಿಯಿತು. ಸಕ್ಕರೆಯ ಅಂಶ ಕರುಳಿನಿಂದ ಉಪ್ಪನ್ನು ಮೈಯೊಳಕ್ಕೆ ಎಳೆದುಕೊಳ್ಳುತ್ತದೆ, ಉಪ್ಪಿನ ಹಿಂದೆ ನೀರು ಹೋಗುತ್ತದೆ. ಭೇದಿ ಆಗುತ್ತಿದ್ದರೂ ಈ ಬಾಗಿಲು ಮುಚ್ಚುವುದಿಲ್ಲ. ಅದೇ ಓಆರ್‌ಎಸ್. ಇವತ್ತಿನ ನಿಯಮ ಇಷ್ಟೇ: ನೀರು ಭೇದಿಗೆ ಓಆರ್‌ಎಸ್, ಜೊತೆಗೆ ಜಿಂಕ್. ರಕ್ತ ಬೀಳದಿದ್ದರೆ ಆ್ಯಂಟಿಬಯಾಟಿಕ್ ಸಾಮಾನ್ಯವಾಗಿ ಬೇಡ.

2015ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಬಿಹಾರದ ಹಳ್ಳಿಗಳಲ್ಲಿ 340 ಮಂದಿ ಚಿಕಿತ್ಸಕರನ್ನು ಎರಡು ಬಗೆಯಲ್ಲಿ ಪರೀಕ್ಷಿಸಿದರು. ಅವರಲ್ಲಿ ಬಹುತೇಕರಿಗೆ ವೈದ್ಯ ಪದವಿ ಇರಲಿಲ್ಲ. ಮೊದಲು ಬಾಯಿಮಾತಿನಲ್ಲಿ ಕೇಳಿದರು: ಇಂಥ ಮಗು ಬಂದರೆ ಏನು ಕೊಡುತ್ತೀರಿ? ನೂರಕ್ಕೆ 72 ಮಂದಿ ಓಆರ್‌ಎಸ್ ಎಂದರು. ವೇಷದ ರೋಗಿಗಳು ಹೋದಾಗ ನಿಜವಾಗಿ ಓಆರ್‌ಎಸ್ ಕೊಟ್ಟವರು ನೂರಕ್ಕೆ 17 ಮಾತ್ರ.

ಗೊತ್ತಿಲ್ಲದೆ ತಪ್ಪು ಮಾಡುತ್ತಾರೆ ಎಂದುಕೊಂಡಿದ್ದರೆ ಇಲ್ಲಿ ಬೇರೆಯೇ ಕಾಣುತ್ತಿದೆ. ಅವರಿಗೆ ಗೊತ್ತು. ಗೊತ್ತಿದ್ದೂ ಮಾಡುವುದಿಲ್ಲ. ತರಬೇತಿ ಶಿಬಿರ ನಡೆಸಿ, ಪರೀಕ್ಷೆ ಇಟ್ಟು, ಸರ್ಟಿಫಿಕೇಟು ಕೊಟ್ಟು ನಾವು ಅಳೆಯುತ್ತಿದ್ದದ್ದು ಬರೀ ತಿಳಿವಳಿಕೆಯನ್ನು. ಮಗುವಿನ ಬಾಯಿಗೆ ಬಿದ್ದದ್ದು ಬೇರೆಯೇ.

ಯಾಕೆ ಹೀಗೆ? ನಾವೆಲ್ಲ ಸುಮ್ನೆ ಊಹೆ ಮಾಡುತ್ತೇವೆ. ದುಡ್ಡಿನ ಆಸೆ, ಆ್ಯಂಟಿಬಯಾಟಿಕ್ ಮಾರಿದರೆ ಲಾಭ ಜಾಸ್ತಿ ಎನ್ನುತ್ತೇವೆ. ನಾನೂ ಹಾಗೇ ನಂಬಿದ್ದೆ. ಇದನ್ನು ಊಹೆಗೆ ಬಿಡದೆ ಅಳೆದು ನೋಡಿದ ಪ್ರಯೋಗ ನಡೆದದ್ದು ನಮ್ಮ ಕರ್ನಾಟಕದಲ್ಲಿ, ಜೊತೆಗೆ ಬಿಹಾರದಲ್ಲಿ. ಎರಡೂ ರಾಜ್ಯಗಳ 253 ಪಟ್ಟಣಗಳ 2,282 ಖಾಸಗಿ ಡಾಕ್ಟರುಗಳು, ಔಷಧಿ ಅಂಗಡಿಗಳು. ಜಾಕರಿ ವ್ಯಾಗ್ನರ್, ಮನೋಜ್ ಮೋಹನನ್, ನೀರಜ್ ಸೂದ್ ಮತ್ತು ಅವರ ಜೊತೆಯವರ ಈ ಕೆಲಸ 2024ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು.

ಅವರು ಮೂರು ಅನುಮಾನಗಳನ್ನು ಬೇರೆ ಬೇರೆ ಮಾಡಿದರು. ಓಆರ್‌ಎಸ್ ಅಂಗಡಿಯಲ್ಲೇ ಇರುವುದಿಲ್ಲವೇ? ಹಾಗಾದರೆ ಅರ್ಧ ಪಟ್ಟಣಗಳಿಗೆ ಆರು ವಾರಕ್ಕಾಗುವಷ್ಟು ಪೊಟ್ಟಣಗಳನ್ನು ಹಂಚಿ ನೋಡೋಣ. ಲಾಭದ ಆಸೆಯೇ? ಹಾಗಾದರೆ ವೇಷದ ರೋಗಿಗಳಲ್ಲಿ ಕೆಲವರು 'ಏನು ಕೊಡಬೇಕು ಹೇಳಿ, ಔಷಧಿ ಬೇರೆ ಕಡೆ ತಗೋತೀವಿ' ಎನ್ನಲಿ. ಮಾರುವ ಲಾಭವೇ ಇಲ್ಲದಾಗ ಏನು ಬರೆಯುತ್ತಾರೆ ನೋಡೋಣ. ಜನ ಓಆರ್‌ಎಸ್ ಬಯಸುವುದಿಲ್ಲ ಎಂದು ಡಾಕ್ಟರುಗಳು ತಿಳಿದಿದ್ದಾರೆಯೇ? ಹಾಗಾದರೆ ಕೆಲವರು ಮೊಬೈಲಿನಲ್ಲಿ ಓಆರ್‌ಎಸ್ ಪೊಟ್ಟಣದ ಫೋಟೋ ತೋರಿಸಿ ಇದೇ ಬೇಕು ಎಂಬಂತೆ ಕೇಳಲಿ.

ಪೊಟ್ಟಣ ಹಂಚಿದ್ದರಿಂದ ಓಆರ್‌ಎಸ್ ಕೊಡುವವರು ನೂರಕ್ಕೆ 7ರಷ್ಟು ಹೆಚ್ಚಿದರು. ಲಾಭದ ಆಸೆ ತೆಗೆದರೂ ಒಟ್ಟಾರೆ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ, ಔಷಧಿ ಅಂಗಡಿಗಳಲ್ಲಿ ಮಾತ್ರ ಸ್ವಲ್ಪ ಕಂಡಿತು. ಫೋಟೋ ತೋರಿಸಿ ಕೇಳಿದಾಗ ನೂರಕ್ಕೆ 27ರಷ್ಟು ಹೆಚ್ಚಿದರು. ಓಆರ್‌ಎಸ್ ಕೊಡದಿರುವುದಕ್ಕೆ ಕಾರಣ ಹಂಚಿ ನೋಡಿದರೆ, 'ಜನಕ್ಕೆ ಇದು ಬೇಡ' ಎಂಬ ಡಾಕ್ಟರುಗಳ ಎಣಿಕೆಯದ್ದೇ ನೂರಕ್ಕೆ 42 ಪಾಲು. ಪೊಟ್ಟಣ ಇಲ್ಲದಿರುವುದಕ್ಕೆ 6, ದುಡ್ಡಿಗೆ 5.

ಇದನ್ನು ಓದಿದಾಗ ನಮ್ಮಕ್ಕನ ಮಗಳ ಆ ಕ್ಲಿನಿಕ್ಕು ಕಣ್ಣ ಮುಂದೆ ಬಂತು. ನಾವು ಹೊರಗಿನ ಬೆಂಚಿನ ಮೇಲೆ ಕೂತು ಮಾತಾಡಿಕೊಂಡಿದ್ದೇ 'ಒಂದು ಇಂಜೆಕ್ಷನ್ ಕೊಟ್ಟರೆ ಸರಿಹೋಗುತ್ತೆ' ಅಂತ. ಡಾಕ್ಟರ ಹತ್ತಿರವೂ ಅದನ್ನೇ ಕೇಳಿದ್ದೆವು. ಉಪ್ಪು ಸಕ್ಕರೆ ನೀರಿನ ಪೊಟ್ಟಣ ಬರೆದುಕೊಟ್ಟಿದ್ದರೆ, ಇಷ್ಟಕ್ಕೆ ಫೀಸು ಕೊಡಬೇಕಾ ಎಂದು ನಾವೇ ಗೊಣಗುತ್ತಿದ್ದೆವೇನೋ. ಅವರಿಗೂ ಅದು ಗೊತ್ತಿತ್ತು. ಕೈಗುಣ ಎಂದರೆ ನಾವು ಏನನ್ನು ಹೊಗಳುತ್ತೇವೆ ಎನ್ನುವುದನ್ನು ಡಾಕ್ಟರುಗಳು ನಮ್ಮಿಂದಲೇ ಕಲಿತಿದ್ದಾರೆ. ಅವರ ತಪ್ಪು ಇದರಿಂದ ಮಾಫಿ ಆಗುವುದಿಲ್ಲ. ಆದರೆ ತಪ್ಪು ಎಲ್ಲಿದೆ ಎಂದು ಅಳೆದು ನೋಡದೆ ಪೊಟ್ಟಣ ಹಂಚುತ್ತಾ ಹೋಗಿದ್ದರೆ, ಅಥವಾ ಡಾಕ್ಟರುಗಳನ್ನು ಬೈಯುತ್ತಾ ಕೂತಿದ್ದರೆ, ಮದ್ದು ಬೇರೆ ಕಡೆ ಹಚ್ಚಿದಂತಾಗುತ್ತಿತ್ತು.

ಸರ್ಕಾರಿ ಆಸ್ಪತ್ರೆಗಳ ಮಟ್ಟಿಗೆ ಈಗ ಒಂದು ವ್ಯವಸ್ಥೆ ಇದೆ. ರಾಷ್ಟ್ರೀಯ ಗುಣಮಟ್ಟ ಭರವಸೆ ಮಾನದಂಡಗಳು ಎನ್ನುತ್ತಾರೆ. ಒಂದೊಂದು ಅಂಶಕ್ಕೂ 0, 1 ಅಥವಾ 2 ಅಂಕ, ಒಟ್ಟಿನಲ್ಲಿ ನೂರಕ್ಕೆ 70 ಬಂದರೆ ಪ್ರಮಾಣಪತ್ರ. 2021ರ ಸೆಪ್ಟೆಂಬರ್‌ನಲ್ಲಿ ಇದರಡಿ ಮಕ್ಕಳಿಗಾಗಿಯೇ 'ಮುಸ್ಕಾನ್' ಎಂಬ ಕಾರ್ಯಕ್ರಮ ಬಂತು. ನವಜಾತ ಶಿಶುಗಳ ವಿಶೇಷ ಘಟಕ, ಮಕ್ಕಳ ವಾರ್ಡು, ಅಪೌಷ್ಟಿಕ ಮಕ್ಕಳ ಪುನಶ್ಚೇತನ ಕೇಂದ್ರ, ಇವೆಲ್ಲ ಅದರಲ್ಲಿ ಸೇರಿವೆ. ಒಳ್ಳೆಯ ಹೆಜ್ಜೆ. ಆದರೆ ಭೇದಿ, ಜ್ವರ ಅಂತ ನಮ್ಮ ಮಕ್ಕಳು ಹೆಚ್ಚಾಗಿ ಹೋಗುವ ಬೀದಿ ಬದಿಯ ಖಾಸಗಿ ಕ್ಲಿನಿಕ್ಕಿನ ಒಳಗೆ ಈ ಅಳತೆಗೋಲು ಹೋಗುವುದಿಲ್ಲ. ನನ್ನ ಪ್ರಕಾರ ಮುಂದಿನ ಕೆಲಸ ಇರುವುದು ಅಲ್ಲಿ. ವೇಷ ಹಾಕಿದವರನ್ನು ಸಂಶೋಧನೆಗೆ ಮಾತ್ರ ಯಾಕೆ ಕಳಿಸಬೇಕು? ಪ್ರತಿ ಜಿಲ್ಲೆಯಲ್ಲಿ ವರ್ಷಕ್ಕೊಮ್ಮೆ ಕಳಿಸಬಹುದು. ಯಾರ ಹೆಸರನ್ನೂ ಹೊರಗೆ ಹಾಕದೆ ಆ ಜಿಲ್ಲೆಯ ಅಂಕಿಯನ್ನು ಮಾತ್ರ ಊರಿಗೆ ತಿಳಿಸಬಹುದು.

2019-21ರ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ದೇಶದಲ್ಲಿ ಭೇದಿಯಾದ ಮಕ್ಕಳಲ್ಲಿ ನೂರಕ್ಕೆ 60.6 ಮಂದಿಗೆ ಓಆರ್‌ಎಸ್ ಸಿಕ್ಕಿತ್ತು, ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ 50.6. ಜಿಂಕ್ ಸಿಕ್ಕಿದ್ದು ನೂರಕ್ಕೆ 30.5 ಮಂದಿಗೆ. ಏರುತ್ತಿದೆ, ಆದರೆ ನಿಧಾನ.

ಮನೆಯಲ್ಲಿ ಪುಟ್ಟ ಮಗು ಇರುವವರು ಎರಡು ಪೊಟ್ಟಣ ತಂದಿಟ್ಟುಕೊಳ್ಳಿ. ರಟ್ಟಿನ ಡಬ್ಬಿಯ ಸಿಹಿ ಪಾನೀಯ ಬೇಡ. ಅಂಥವುಗಳ ಮೇಲೆ ಓಆರ್‌ಎಸ್ ಎಂಬ ಪದ ಹಾಕಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ಸಿಹಿ ಜಾಸ್ತಿಯಾದರೆ ಭೇದಿ ಇನ್ನೂ ಹೆಚ್ಚುತ್ತದೆ. ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಬೆರೆಸಿ. ಅರ್ಧ ಪೊಟ್ಟಣ, ಅಂದಾಜಿನ ನೀರು ಬೇಡ. ಬೆರೆಸಿದ್ದು 24 ಗಂಟೆ ಮಾತ್ರ. ಪ್ರತಿ ಸಲ ಭೇದಿಯಾದ ಮೇಲೆ, ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿ, ಚಮಚದಲ್ಲಿ ಸ್ವಲ್ಪ ಸ್ವಲ್ಪವಾಗಿ. ಎದೆಹಾಲು, ಊಟ ನಿಲ್ಲಿಸಬೇಡಿ. ಮಗು ಮಂಕಾದರೆ, ಕಣ್ಣು ಒಳಕ್ಕೆ ಹೋದರೆ, ಏನೂ ಕುಡಿಯದಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ ಕಾಯದೆ ಆಸ್ಪತ್ರೆಗೆ ಹೊರಡಿ, ದಾರಿಯಲ್ಲೂ ಕುಡಿಸುತ್ತಲೇ ಇರಿ.

ಡಾಕ್ಟರ ಮುಂದೆ ಕೂತಾಗ ನೀವೇ ಬಾಯಿಬಿಟ್ಟು ಕೇಳಿ: 'ಸರ್, ಓಆರ್‌ಎಸ್ ಕುಡಿಸ್ತಾ ಇದೀವಿ, ಸಾಕಾ? ಜಿಂಕ್ ಎಷ್ಟು ದಿನ ಕೊಡಬೇಕು?'